ಹವಳದ ಟ್ಯಾಂಕ್‌ನಲ್ಲಿ ತಾಮ್ರ ಇದೆಯಾ? ಪರೀಕ್ಷೆ ಮಾಡುವುದು ಹೀಗೆ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಲ್ಲಿ ಅನೇಕರು ಇದನ್ನು ನೋಡಿರುತ್ತಾರೆ. ಮೀನುಗಳು ಚೆನ್ನಾಗಿಯೇ ಓಡಾಡುತ್ತಿವೆ. ಆದರೆ ಗಾಜಿಗೆ ಕಚ್ಚಿಕೊಂಡಿರಬೇಕಾದ ಬಸವನಹುಳು ಮರಳಿನ ಮೇಲೆ ಮಗುಚಿ ಬಿದ್ದಿದೆ. ಸಿಗಡಿ ಕಾಣಿಸುತ್ತಿಲ್ಲ. ಹವಳಗಳು ಮುದುಡಿಕೊಂಡಿವೆ. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಇವುಗಳಿಗೆ ವಿಷ, ಹಾಗಾಗಿ ಮೊದಲ ಅನುಮಾನ ತಾಮ್ರದ ಮೇಲೆ. ತಾಮ್ರದ ಟೆಸ್ಟ್ ಕಿಟ್ ತಂದು ನೋಡಿದರೆ ಸೊನ್ನೆ. 'ಸದ್ಯ, ತಾಮ್ರ ಅಲ್ಲ' ಅಂದುಕೊಂಡು ಬೇರೆ ಕಾರಣ ಹುಡುಕಲು ಹೊರಡುತ್ತಾರೆ. ಆ ಸೊನ್ನೆಯನ್ನು ಅಷ್ಟು ಬೇಗ ನಂಬಬೇಡಿ. ಅಂಗಡಿಯಲ್ಲಿ ಸಿಗುವ ಬಹುತೇಕ ತಾಮ್ರದ ಕಿಟ್‌ಗಳನ್ನು ಮಾಡಿರುವುದು ಹವಳದ ಟ್ಯಾಂಕ್‌ಗಾಗಿ ಅಲ್ಲ, ಔಷಧ ಹಾಕಿದ ಮೀನಿನ ಟ್ಯಾಂಕ್‌ಗಾಗಿ.

ಸಮುದ್ರದ ಮೀನುಗಳಿಗೆ ಬರುವ ಬಿಳಿಚುಕ್ಕೆ ರೋಗಕ್ಕೆ ತಾಮ್ರ ಹಳೆಯ ಔಷಧ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿ ಇರುವುದೂ ಇದೇ ತಾಮ್ರ. ಬೇರೆ ಟ್ಯಾಂಕ್‌ನಲ್ಲಿ ಮೀನನ್ನು ಇಟ್ಟು ಔಷಧ ಕೊಡುವಾಗ, ಈಗ ಹೆಚ್ಚು ಬಳಕೆಯಲ್ಲಿರುವ ಕೀಲೇಟೆಡ್ (ಬೇರೆ ರಾಸಾಯನಿಕಕ್ಕೆ ಕಟ್ಟಿಹಾಕಿದ) ತಾಮ್ರವನ್ನು ಲೀಟರಿಗೆ 1.5ರಿಂದ 2.5 ಮಿಲಿಗ್ರಾಂವರೆಗೆ ಇಡುತ್ತಾರೆ. ಪಿಪಿಬಿ ಲೆಕ್ಕದಲ್ಲಿ, ಅಂದರೆ ನೂರು ಕೋಟಿ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕದಲ್ಲಿ, ಅದು 1500ರಿಂದ 2500. ಹನಿ ಹಾಕಿ ಬಣ್ಣ ನೋಡುವ ಕೆಲವು ಕಿಟ್‌ಗಳಲ್ಲಿ ಸೊನ್ನೆಯ ನಂತರದ ಮೊದಲ ಬಣ್ಣವೇ 250 ಪಿಪಿಬಿಯದ್ದು. ಮೀನಿನ ಔಷಧ ಅಳೆಯಲು ಅಷ್ಟು ಸಾಕು.

ಹವಳಕ್ಕೆ ಸಾಕಾಗುವುದಿಲ್ಲ. ತೆರೆದ ಸಮುದ್ರದ ನೀರಿನಲ್ಲಿ ತಾಮ್ರ ಇರುವುದು ಒಂದು ಪಿಪಿಬಿಗಿಂತಲೂ ಕಡಿಮೆ. ಕಡಲ ಜೀವಿಗಳ ರಕ್ಷಣೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟಿರುವ ಮಿತಿ ಸ್ವಲ್ಪ ಹೊತ್ತಿನ ಸಂಪರ್ಕಕ್ಕೆ 4.8 ಪಿಪಿಬಿ, ಹೆಚ್ಚು ಕಾಲದ ಸಂಪರ್ಕಕ್ಕೆ 3.1 ಪಿಪಿಬಿ. 250ರ ಮೆಟ್ಟಿಲಿರುವ ಕಿಟ್‌ನಲ್ಲಿ ಇದನ್ನು ಅಳೆಯುವುದು ಈರುಳ್ಳಿ ತೂಗುವ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದ ಹಾಗೆ.

ಮೊದಲು ಕಿಟ್ ಆರಿಸಿ

ಬಣ್ಣದ ಕಾರ್ಡಿನ ಬದಲು ಬೆಳಕು ಹಾಯಿಸಿ ಅಂಕಿ ತೋರಿಸುವ ಪುಟ್ಟ ಕಲರಿಮೀಟರ್ ತೆಗೆದುಕೊಳ್ಳಿ. ಕಡಿಮೆ ಮಟ್ಟ ಅಳೆಯುವುದನ್ನೇ ಕೇಳಿ ಪಡೆಯಿರಿ. ಉದಾಹರಣೆಗೆ, ಹಾನ್ನಾ ಕಂಪನಿಯಲ್ಲಿ ಎರಡು ಬಗೆ ಇವೆ. ಎಚ್‌ಐ 702 ಜಾಸ್ತಿ ಮಟ್ಟಕ್ಕೆ, ಅಂದರೆ 5 ಪಿಪಿಎಂವರೆಗೆ (1 ಪಿಪಿಎಂ ಅಂದರೆ 1000 ಪಿಪಿಬಿ). ಎಚ್‌ಐ 747 ಸೊನ್ನೆಯಿಂದ 999 ಪಿಪಿಬಿವರೆಗೆ. ಎರಡನೆಯದು ನಮ್ಮ ಕೆಲಸಕ್ಕೆ ಹತ್ತಿರ. ಆದರೂ ಅದರ ನಿಖರತೆ 10 ಪಿಪಿಬಿ ಆಚೀಚೆ, ಜೊತೆಗೆ ಬಂದ ಅಂಕಿಯ ಶೇ 5. ಪರದೆಯ ಮೇಲೆ 7 ಅಂತ ಬಂದರೆ ಅದು ಸೊನ್ನೆಯೂ ಆಗಿರಬಹುದು, 17ಕ್ಕೆ ಹತ್ತಿರವೂ ಆಗಿರಬಹುದು. ಮನೆಯಲ್ಲಿ ಮಾಡುವ ಪರೀಕ್ಷೆಯಿಂದ 'ತಾಮ್ರ ತುಂಬ ಇದೆಯಾ' ಅನ್ನುವ ಪ್ರಶ್ನೆಗೆ ಉತ್ತರ ಸಿಗುತ್ತದೆ. 'ಸ್ವಲ್ಪವೂ ಇಲ್ಲವಾ' ಅನ್ನುವುದಕ್ಕೆ ಸಿಗುವುದಿಲ್ಲ. ಅದಕ್ಕೆ ಲ್ಯಾಬ್ ಬೇಕು.

ನೀರು ತೆಗೆಯುವುದು

ಇಲ್ಲಿ ಅವಸರ ಬೇಡ. ಸಣ್ಣ ಪ್ರಮಾಣ ಅಳೆಯುವಾಗ ಪಾತ್ರೆಯ ಕೊಳೆಯೇ ಫಲಿತಾಂಶ ಕೆಡಿಸುತ್ತದೆ. ಪ್ಲಾಸ್ಟಿಕ್ ಬಾಟಲಿಯೇ ಇರಲಿ, ಲೋಹದ ಮುಚ್ಚಳ ಬೇಡ. ಬಿಳಿ ವಿನೆಗರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಆರ್‌ಒ-ಡಿಐ (ಫಿಲ್ಟರ್ ಹಾಯಿಸಿ ಉಪ್ಪು, ಲೋಹಗಳನ್ನು ತೆಗೆದ ಶುದ್ಧ) ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ನಲ್ಲಿ ನೀರಿನಲ್ಲಿ ತೊಳೆದು ಮುಗಿಸಬೇಡಿ.

ಪಂಪ್ ಓಡುತ್ತಿರುವಾಗ, ಟ್ಯಾಂಕ್‌ನ ನಡುವಿನ ಆಳದಿಂದ ನೀರು ತುಂಬಿ. ಮೇಲ್ಪದರದ ಜಿಡ್ಡು, ಕೆಳಗಿನ ಮರಳು ಎರಡೂ ಬರಬಾರದು. ಮೊದಲು ಅದೇ ನೀರಿನಲ್ಲಿ ಬಾಟಲಿ ಮೂರು ಸಲ ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿಸಿ.

ಟ್ಯಾಂಕ್‌ನ ನೀರೊಂದನ್ನೇ ತೆಗೆದರೆ ಅರ್ಧ ಕೆಲಸ ಅಷ್ಟೇ. ಇನ್ನೂ ಎರಡು ಬಾಟಲಿ ತುಂಬಿಕೊಳ್ಳಿ. ಒಂದರಲ್ಲಿ, ಆವಿಯಾದ ನೀರಿನ ಬದಲಿಗೆ ನೀವು ದಿನಾ ಸುರಿಯುವ ನೀರು. ಇನ್ನೊಂದರಲ್ಲಿ, ಆರ್‌ಒ-ಡಿಐ ನೀರಿಗೆ ನೀವು ಬಳಸುವ ಉಪ್ಪನ್ನೇ ಕಲಸಿ ಹೊಸದಾಗಿ ಮಾಡಿದ ಉಪ್ಪುನೀರು. ಮೂರಕ್ಕೂ ಹೆಸರು ಬರೆದು ಅಂಟಿಸಿ.

ದಿನಾ ಸುರಿಯುವ ನೀರಿಗೆ ಯಾಕಿಷ್ಟು ಮಹತ್ವ ಅಂತ ಒಂದು ಲೆಕ್ಕ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಹೇಳುವ ತಾಮ್ರದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೂ ನಡೆಯುತ್ತದೆ. 0.05 ಅಂದರೆ 50 ಪಿಪಿಬಿ. ನಮಗೆ ಕುಡಿಯಲು ಏನೂ ತೊಂದರೆ ಇಲ್ಲ. ಈಗ 100 ಲೀಟರಿನ ಟ್ಯಾಂಕ್‌ನಲ್ಲಿ ದಿನಕ್ಕೆ 2 ಲೀಟರ್ ಆವಿಯಾಗುತ್ತದೆ ಅಂದುಕೊಳ್ಳಿ. ನೀವು ಈ ನೀರನ್ನೇ 2 ಲೀಟರ್ ಸುರಿಯುತ್ತೀರಿ. ನೀರು ಆವಿಯಾಗಿ ಹೋಗುತ್ತದೆ, ತಾಮ್ರ ಒಳಗೇ ಉಳಿಯುತ್ತದೆ. ದಿನಕ್ಕೆ 0.1 ಮಿಲಿಗ್ರಾಂ, ಅಂದರೆ ಒಂದು ಪಿಪಿಬಿಯಷ್ಟು ಸೇರುತ್ತದೆ. ಒಂದು ತಿಂಗಳಿಗೆ 30. ಇದರಲ್ಲಿ ಒಂದಿಷ್ಟನ್ನು ಪಾಚಿ, ಕಲ್ಲು ಹೀರಿಕೊಳ್ಳುತ್ತವೆ ನಿಜ. ಆದರೂ ಕಾಗದದ ಮೇಲೆ ಶುದ್ಧವಾಗಿರುವ ನೀರೇ ಹವಳಕ್ಕೆ ಕಷ್ಟ ತರಬಹುದು ಅನ್ನುವುದು ಇದರಿಂದ ಗೊತ್ತಾಗುತ್ತದೆ, ಅಲ್ವಾ?

ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯೆಲ್ಲಾ ನಿಂತ ನೀರು, ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟ ನೀರು ಟ್ಯಾಂಕ್ ಹತ್ತಿರ ಬರಲೇಬಾರದು. ನಲ್ಲಿಯ ಮೇಲೆ ಅನುಮಾನ ಇದ್ದರೆ, ಬೆಳಿಗ್ಗೆ ಬಿಟ್ಟ ತಕ್ಷಣದ ನೀರನ್ನೂ ಐದು ನಿಮಿಷ ಹರಿದ ಮೇಲಿನ ನೀರನ್ನೂ ಬೇರೆ ಬೇರೆ ಪರೀಕ್ಷಿಸಿ. ಮೊದಲಿನದರಲ್ಲಿ ಜಾಸ್ತಿ ಬಂದರೆ ತಾಮ್ರ ಬರುತ್ತಿರುವುದು ನಿಮ್ಮ ಮನೆಯ ನಲ್ಲಿ, ಪೈಪುಗಳಿಂದಲೇ.

ಪರೀಕ್ಷೆ ಮಾಡುವುದು

ಗಾಜಿನ ಸಣ್ಣ ಶೀಶೆಗೆ ಗೆರೆಯವರೆಗೆ ಟ್ಯಾಂಕ್‌ನ ನೀರು ಹಾಕಿ. ಮೆತ್ತನೆಯ ಬಟ್ಟೆಯಿಂದ ಹೊರಗೆ ಒರೆಸಿ. ಬೆರಳಚ್ಚು ಬಿದ್ದರೂ ಬೆಳಕು ತಡೆಯುತ್ತದೆ. ಮೀಟರ್‌ನಲ್ಲಿಟ್ಟು ಸೊನ್ನೆ ಮಾಡಿ. ಆಮೇಲೆ ಶೀಶೆ ತೆಗೆದು ಪುಡಿಯ ಪೊಟ್ಟಣ ಪೂರ್ತಿ ಸುರಿಯಿರಿ. ಪೊಟ್ಟಣದ ಮೂಲೆಯಲ್ಲಿ ಪುಡಿ ಉಳಿಯುತ್ತದೆ, ಬೆರಳಿನಿಂದ ತಟ್ಟಿ ಬೀಳಿಸಿ. ಮುಚ್ಚಳ ಹಾಕಿ ಮೆಲ್ಲಗೆ ತಿರುಗಿಸುತ್ತಾ ಕರಗಿಸಿ. ಜೋರಾಗಿ ಅಲುಗಾಡಿಸಿದರೆ ಗುಳ್ಳೆ ಏಳುತ್ತದೆ. ಮೀಟರ್ ಗುಳ್ಳೆಯನ್ನೂ ತಾಮ್ರ ಅಂತಲೇ ಎಣಿಸುತ್ತದೆ. ಪುಡಿಯಲ್ಲಿರುವ ಬೈಸಿಂಕೋನಿನೇಟ್ ಎಂಬ ರಾಸಾಯನಿಕ ತಾಮ್ರದ ಜೊತೆ ಸೇರಿ ನೇರಳೆ ಬಣ್ಣ ಕೊಡುತ್ತದೆ. ತಾಮ್ರ ಕಡಿಮೆ ಇದ್ದರೆ ಈ ಬಣ್ಣ ಕಣ್ಣಿಗೆ ಕಾಣಿಸುವುದೇ ಇಲ್ಲ, ಮೀಟರಿಗೆ ಮಾತ್ರ ಗೊತ್ತಾಗುತ್ತದೆ. ಶೀಶೆ ಮೊದಲು ಯಾವ ಮುಖವಾಗಿ ಇತ್ತೋ ಹಾಗೆಯೇ ಮತ್ತೆ ಇಡಿ. ಕಿಟ್‌ನಲ್ಲಿ ಹೇಳಿದಷ್ಟು ಸೆಕೆಂಡ್ ಕಾದು ಓದಿ.

ಒಂದೇ ಸಲ ಮಾಡಿ ನಿಲ್ಲಿಸಬೇಡಿ. ಮೂರು ಸಲ ಮಾಡಿ, ಮೂರು ಅಂಕಿಯನ್ನೂ ಬರೆದಿಡಿ. 4, 12, 6 ಬಂದರೆ ಮೀಟರಿನ ಏರುಪೇರು ಅಷ್ಟೇ. 41, 38, 44 ಬಂದರೆ ನೀರಿನಲ್ಲಿ ಏನೋ ಇದೆ. ಹೊಸ ಉಪ್ಪುನೀರಿಗೂ ಹೀಗೆಯೇ ಮಾಡಿ. ಅದೂ 40 ತೋರಿಸಿದರೆ ತಪ್ಪು ಕಿಟ್‌ನದ್ದೋ ಉಪ್ಪಿನದ್ದೋ ಇರಬೇಕು. ಟ್ಯಾಂಕ್‌ನ ಮೇಲೆ ಆಗಲೇ ತೀರ್ಮಾನಕ್ಕೆ ಬರಬೇಡಿ.

ಕಿಟ್ಟನ್ನೇ ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಸೊನ್ನೆ ಬಂದಾಗ, ತಾಮ್ರ ಇದ್ದಿದ್ದರೆ ಈ ಕಿಟ್ ತೋರಿಸುತ್ತಿತ್ತಾ ಅಂತ ತಿಳಿಯಬೇಕು. ಪುಡಿ ಹಳೆಯದಾಗಿರಬಹುದು. ಉಪ್ಪುನೀರಿನಲ್ಲಿ ಸರಿಯಾಗಿ ಕೆಲಸ ಮಾಡದೆಯೂ ಇರಬಹುದು.

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 1000 ಪಿಪಿಎಂ ತಾಮ್ರದ ಸ್ಟ್ಯಾಂಡರ್ಡ್ ದ್ರಾವಣ ಸಿಗುತ್ತದೆ. ಅದು ಆಮ್ಲದಲ್ಲಿರುತ್ತದೆ, ಕೈಗವಸು ಹಾಕಿಕೊಳ್ಳಿ. ಸಿರಿಂಜಿನಲ್ಲಿ 1 ಮಿಲಿಲೀಟರ್ ತೆಗೆದು, ಆರ್‌ಒ-ಡಿಐ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿ. ಇದು 1000 ಪಿಪಿಬಿ. ಇದರಲ್ಲಿ 10 ಮಿಲಿಲೀಟರ್ ತೆಗೆದು 90 ಮಿಲಿಲೀಟರ್ ಟ್ಯಾಂಕ್‌ನ ನೀರಿಗೆ ಬೆರೆಸಿ. ಈಗ ಆ ನೀರಿಗೆ 100 ಪಿಪಿಬಿ ತಾಮ್ರ ಸೇರಿದೆ. ಮೊದಲು ಸೊನ್ನೆ ತೋರಿಸಿದ ಕಿಟ್ ಈಗ 100ರ ಹತ್ತಿರ ತೋರಿಸಬೇಕು. 90 ಬಂದರೆ ಸರಿ, 110 ಬಂದರೂ ಸರಿ. 30 ಬಂದರೆ ಆ ಕಿಟ್ ನಂಬಬೇಡಿ.

ಈ ನೀರು, ಬಾಟಲಿ, ಸಿರಿಂಜ್ ಯಾವುದೂ ವಾಪಸ್ ಟ್ಯಾಂಕ್‌ಗೆ ಹೋಗಬಾರದು. 200 ಲೀಟರಿನ ಟ್ಯಾಂಕ್ 50 ಪಿಪಿಬಿಗೆ ಏರಲು 10 ಮಿಲಿಗ್ರಾಂ ತಾಮ್ರ ಸಾಕು. ಮೈಲುತುತ್ತದ ಲೆಕ್ಕದಲ್ಲಿ ಸುಮಾರು 40 ಮಿಲಿಗ್ರಾಂ, ಒಂದು ಸಣ್ಣ ಚಿಟಿಕೆಯೂ ಅಲ್ಲ.

ಬಸವನಹುಳುವನ್ನೋ ಸಿಗಡಿಯನ್ನೋ ಬಿಟ್ಟು 'ಬದುಕುತ್ತಾ ನೋಡೋಣ' ಅನ್ನುವ ಪದ್ಧತಿ ಕೆಲವರಲ್ಲಿದೆ. ದಯವಿಟ್ಟು ಬೇಡ. ಅದು ಸತ್ತರೂ ತಾಮ್ರದಿಂದಲೇ ಸತ್ತಿತು ಅನ್ನಲು ಆಗುವುದಿಲ್ಲ. ಉಪ್ಪಿನ ಪ್ರಮಾಣ ಏರುಪೇರಾದರೂ ಅವು ಸಾಯುತ್ತವೆ. ಹವಳದ ವಿಷಯದಲ್ಲಂತೂ ನಮ್ಮ ಕಡಲಿನ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಒಂದು ಸತ್ತರೆ ಸಮುದ್ರದಿಂದ ಇನ್ನೊಂದು ತರುವ ಮಾತೇ ಇಲ್ಲ.

ಲ್ಯಾಬ್‌ಗೆ ಕಳಿಸುವುದು ಯಾವಾಗ?

ಮನೆಯ ಅಂಕಿ 20ರ ಆಸುಪಾಸಿನಲ್ಲಿ ಓಲಾಡುತ್ತಿದ್ದರೆ, ಅಥವಾ ಸೊನ್ನೆ ಬಂದರೂ ಸಿಗಡಿ, ಬಸವನಹುಳುಗಳು ಸಾಯುತ್ತಲೇ ಇದ್ದರೆ ಐಸಿಪಿ ಪರೀಕ್ಷೆ (ನೀರಿನಲ್ಲಿರುವ ಲೋಹಗಳನ್ನು ಅತಿ ಸಣ್ಣ ಪ್ರಮಾಣದಲ್ಲೂ ಅಳೆಯುವ ಲ್ಯಾಬ್ ಪರೀಕ್ಷೆ) ಮಾಡಿಸಿ. ಜರ್ಮನಿಯ ಟ್ರೈಟನ್, ಎಟಿಐ, ಫೌನಾ ಮರೀನ್‌ನಂಥ ಸಂಸ್ಥೆಗಳು ಅಕ್ವೇರಿಯಂ ನೀರಿಗೆಂದೇ ಇದನ್ನು ಮಾಡುತ್ತವೆ. ಹತ್ತಿರದ ನೀರಿನ ಲ್ಯಾಬ್‌ಗೆ ಕೊಡುವುದಾದರೆ ಮೊದಲೇ ಎರಡು ಪ್ರಶ್ನೆ ಕೇಳಿ: ಸಮುದ್ರದ ನೀರು ಮಾಡ್ತೀರಾ? ತಾಮ್ರ ಎಷ್ಟು ಕಡಿಮೆ ಇದ್ದರೂ ಗೊತ್ತಾಗುತ್ತೆ? '50 ಪಿಪಿಬಿಗಿಂತ ಕಡಿಮೆ' ಅಂತ ಬರೆದುಕೊಡುವ ವರದಿಗೆ ದುಡ್ಡು ಕೊಡುವುದು ಸುಮ್ನೆ ದಂಡ.

ಐಸಿಪಿ ಒಟ್ಟು ತಾಮ್ರವನ್ನು ಹೇಳುತ್ತದೆ. ಹೆಚ್ಚು ವಿಷಕಾರಿ ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿರುವ ತಾಮ್ರ. ಹಳೆಯ ಟ್ಯಾಂಕ್‌ಗಳಲ್ಲಿ ಕರಗಿದ ಸಾವಯವ ವಸ್ತುಗಳು ತಾಮ್ರದ ದೊಡ್ಡ ಪಾಲನ್ನು ಹಿಡಿದಿಟ್ಟುಕೊಂಡಿರುತ್ತವೆ. ಹಾಗಾಗಿ ವರದಿಯಲ್ಲಿ 8 ಅಂತ ಇದ್ದೂ ಹವಳಗಳು ಅರಳಿ ನಿಂತಿದ್ದರೆ ಗಾಬರಿಯಾಗಿ ಟ್ಯಾಂಕ್ ಬುಡಮೇಲು ಮಾಡಬೇಡಿ. ಮೂಲ ಹುಡುಕಿ, ಮತ್ತೊಮ್ಮೆ ಪರೀಕ್ಷಿಸಿ.

ತಾಮ್ರ ಸಿಕ್ಕಿದರೆ

ಮೊದಲು ಮೂಲ ನಿಲ್ಲಿಸಿ. ಪಂಪ್‌ನ ಒಳಗಿನ ಅಯಸ್ಕಾಂತದ ಹೊದಿಕೆ ಬಿರುಕು ಬಿಟ್ಟಿದೆಯಾ ನೋಡಿ. ಗಾಜು ಉಜ್ಜುವ ಅಯಸ್ಕಾಂತ, ಹೀಟರ್, ಹಿತ್ತಾಳೆಯ ಜೋಡಣೆ, ತಂತಿ ಬಿಚ್ಚಿಕೊಂಡ ಕಡೆ ಎಲ್ಲವನ್ನೂ ನೋಡಿ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಅಥವಾ ಕಲ್ಲು ತಂದಿದ್ದರೆ, ಅದರಲ್ಲಿ ಹಿಂದೆ ತಾಮ್ರದ ಔಷಧ ಹಾಕಿದ್ದರಾ ಅಂತ ಮಾಲೀಕರನ್ನು ಕೇಳಿ. ಹೌದಾದರೆ ಆ ಕಲ್ಲು, ಮರಳು ತೆಗೆಯುವುದೇ ಒಳ್ಳೆಯದು. ಅವು ಹೀರಿಕೊಂಡ ತಾಮ್ರವನ್ನು ಆಮೇಲೆ ನಿಧಾನವಾಗಿ ಬಿಡುತ್ತಾ ಇರುತ್ತವೆ.

ನೀರಿನಲ್ಲಿ ಈಗಾಗಲೇ ಇರುವುದನ್ನು ಇಳಿಸಲು ನೀರು ಬದಲಾಯಿಸಿ. ಪ್ರತಿ ಸಲ ಕಾಲುಭಾಗ ಬದಲಾಯಿಸಿದರೆ 40 ಇದ್ದದ್ದು 30 ಆಗುತ್ತದೆ, ಆಮೇಲೆ 22, ಆಮೇಲೆ 17. ಜೊತೆಗೆ ತಾಮ್ರ ಹೀರಿಕೊಳ್ಳುವ ಫಿಲ್ಟರ್ ಸಾಮಗ್ರಿ, ಅಂದರೆ ಸೀಕೆಮ್ ಕಂಪನಿಯ ಕ್ಯುಪ್ರಿಸಾರ್ಬ್ ಅಥವಾ ಪಾಲಿ-ಫಿಲ್ಟರ್ ಹಾಕಿ. ತಾಮ್ರ ಹಿಡಿದಾಗ ಎರಡೂ ನೀಲಿ ಬಣ್ಣಕ್ಕೆ ತಿರುಗುತ್ತವೆ, ಅದೂ ಒಂದು ಸಾಕ್ಷಿ. ಒಂದು ವಾರ ಬಿಟ್ಟು ಅದೇ ಕಿಟ್‌ನಲ್ಲಿ, ಅದೇ ರೀತಿ ಮೂರು ಸಲ ಅಳೆಯಿರಿ. ಫಿಲ್ಟರ್ ತೆಗೆದು ಎರಡು ವಾರದ ನಂತರ ಇನ್ನೊಮ್ಮೆ ಅಳೆಯಿರಿ. ಆಗ ಅಂಕಿ ಮತ್ತೆ ಏರಿದ್ದರೆ ಮೂಲ ಇನ್ನೂ ಒಳಗೇ ಇದೆ, ಹುಡುಕಾಟ ಮತ್ತೆ ಪಂಪ್ ಮತ್ತು ಕಲ್ಲಿನಿಂದ ಶುರುವಾಗಬೇಕು.