ನಾಯಿ ಜೊತೆ ಮಲ್ಪೆಗೆ ಹೊರಟಿದ್ದೀರಾ? ಆತುರ ಬೇಡ

ಬೆಂಗಳೂರಿನಿಂದ ಉಡುಪಿ ಪಕ್ಕದ ಮಲ್ಪೆ ಬೀಚಿಗೆ ಸುಮಾರು 400 ಕಿ.ಮೀ. ಒಂದೇ ದಿನದಲ್ಲಿ ಹೋಗಬಹುದು, ಆದರೆ ನಾಯಿ ಇದ್ದರೆ ಸಕಲೇಶಪುರದಲ್ಲಿ ಒಂದು ರಾತ್ರಿ ಉಳಿದುಬಿಡಿ. ನಮ್ಮ ನಾಯಿ ಕರಿಯ ಮೊದಲ ಸಲ ಶಿರಾಡಿ ಘಾಟಿ ಇಳಿಯುವಾಗ ಹಿಂದಿನ ಸೀಟೆಲ್ಲಾ ವಾಂತಿ ಮಾಡಿಬಿಟ್ಟಿದ್ದ. ತಪ್ಪು ನಮ್ಮದೇ, ಹಾಸನದಲ್ಲಿ ನಾವು ಇಡ್ಲಿ ತಿನ್ನುವಾಗ ಪಾಪ ಅಂತ ಅವನಿಗೂ ನಾಲ್ಕು ಹಾಕಿದ್ದೆವು. ಈಗ ಘಾಟಿಗೆ 3 ಗಂಟೆ ಮೊದಲೇ ಊಟ ನಿಲ್ಲಿಸುತ್ತೇವೆ, ಸ್ವಲ್ಪ ಸ್ವಲ್ಪ ನೀರು ಮಾತ್ರ.

ರೂಮು ಬುಕ್ ಮಾಡುವಾಗ, ನಾಯಿ ತರಬಹುದು ಅಂತ ಆ್ಯಪ್‌ನಲ್ಲಿದ್ದರೂ ನಂಬಬೇಡಿ. ಫೋನ್ ಮಾಡಿ, ನಾಯಿ ಎಷ್ಟು ದೊಡ್ಡದು ಅಂತಲೂ ಹೇಳಿ.

ಬೀಚಿಗೆ ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ಮೇಲೆ ಹೋಗಿ. ಮರಳಿನ ಮೇಲೆ ನಿಮ್ಮ ಅಂಗೈ ಹಿಂಭಾಗ ಇಟ್ಟು ನೋಡಿ, 5 ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಸುಡುತ್ತದೆ. ಸಮುದ್ರದ ನೀರು ಜಾಸ್ತಿ ಕುಡಿದರೆ ವಾಂತಿ, ಭೇದಿ ಗ್ಯಾರಂಟಿ, ಹಾಗಾಗಿ ಒಂದು ಬಾಟಲಿ ಸಿಹಿನೀರು, ಒಂದು ಬಟ್ಟಲು ಕೈಯಲ್ಲೇ ಇರಲಿ. ದಡದಲ್ಲಿ ಸತ್ತು ಬಿದ್ದ ಮೀನಿಗೆ ಬಾಯಿ ಹಾಕದಂತೆ ಹಗ್ಗ ಹಿಡಿದೇ ಇರಿ, ಅದರಲ್ಲಿ ವಿಷದ ಮೀನುಗಳೂ ಇರುತ್ತವೆ, ಅಲ್ಲದೆ ಅಲ್ಲಿನ ಬೀದಿನಾಯಿಗಳಿಗೆ ಹೊಸಬರು ಬಂದರೆ ಆಗುವುದಿಲ್ಲ. ವಾಪಸ್ ಬಂದ ಮೇಲೆ ಸಾದಾ ನೀರಲ್ಲಿ ತೊಳೆದು, ಬೆರಳ ಸಂದಿ, ಕಿವಿ ಚೆನ್ನಾಗಿ ಒರೆಸಿ.

ಮತ್ತೆ, ಮೀನೂಟಕ್ಕೆ ಒಬ್ಬೊಬ್ಬರಾಗಿ ಹೋಗಿ, ನಾಯಿಯನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ. ಕಿಟಕಿ ಸ್ವಲ್ಪ ತೆರೆದಿದ್ದರೂ ಕಾರು ಒಲೆಯಾಗಿಬಿಡುತ್ತದೆ.