ಸಣ್ಣ ಹಾಯಿದೋಣಿಗೆ ಯಾವ ಕಾಗದ: ರಾಜ್ಯದ್ದೋ, ಕೋಸ್ಟ್ ಗಾರ್ಡ್‌ನದೋ?

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಂಡವರಿಗೆ ಮೊದಲು ತಲೆಕೆಡಿಸುವುದು ಗಾಳಿಯಲ್ಲ, ಕಾಗದ. ರಾಜ್ಯದಿಂದ ಟೈಟಲ್ (ಮಾಲೀಕತ್ವದ ಪತ್ರ) ಮಾಡಿಸಬೇಕೋ, ಕೋಸ್ಟ್ ಗಾರ್ಡ್‌ನಿಂದ, ಅಂದರೆ ಕೇಂದ್ರ ಸರ್ಕಾರದ ಕರಾವಳಿ ಕಾವಲು ಪಡೆಯಿಂದ, ಫೆಡರಲ್ ಡಾಕ್ಯುಮೆಂಟೇಶನ್ (ರಾಷ್ಟ್ರಮಟ್ಟದ ನೋಂದಣಿ) ಮಾಡಿಸಬೇಕೋ? ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಡಾಕ್ಯುಮೆಂಟ್ ಆದ ದೋಣಿಗೆ ರಾಜ್ಯದ ಟೈಟಲ್ ಇರಬಾರದು ಎನ್ನುತ್ತದೆ ಕಾನೂನು.

ಮೊದಲು ನಿಮ್ಮ ಪಾಸ್‌ಪೋರ್ಟ್ ನೋಡಿಕೊಳ್ಳಿ. ಸ್ವಂತ ಹೆಸರಿನಲ್ಲಿ ಡಾಕ್ಯುಮೆಂಟ್ ಮಾಡಿಸಲು ಅಮೆರಿಕದ ಪ್ರಜೆಯೇ ಆಗಿರಬೇಕು, ಗ್ರೀನ್ ಕಾರ್ಡ್ ಸಾಲದು. ಗಂಡ ಸಿಟಿಜನ್, ಹೆಂಡತಿ ಇನ್ನೂ ಗ್ರೀನ್ ಕಾರ್ಡ್, ದೋಣಿ ಇಬ್ಬರ ಹೆಸರಲ್ಲೂ ಇದೆ ಅಂದರೂ ಆಗುವುದಿಲ್ಲ. ಅಲ್ಲಿರುವ ಎಷ್ಟೋ ಕನ್ನಡಿಗರಿಗೆ ಆಯ್ಕೆ ಇಲ್ಲೇ ಮುಗಿಯಿತು: ರಾಜ್ಯದ ಕಚೇರಿಗೆ ನಡೆಯಿರಿ.

ಇನ್ನು ಅಳತೆ. ದೋಣಿ ಕನಿಷ್ಠ 5 ನೆಟ್ ಟನ್ ಇರಬೇಕು. ಇಲ್ಲಿ ಟನ್ ಅಂದರೆ ತೂಕ ಅಲ್ಲವೇ ಅಲ್ಲ, ಒಡಲೊಳಗಿನ ಜಾಗ. 100 ಘನ ಅಡಿಗೆ ಒಂದು ಟನ್. ಹಾಯಿದೋಣಿಗೆ ಸುಲಭದ ಲೆಕ್ಕವೊಂದಿದೆ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, 100ರಿಂದ ಭಾಗಿಸಿ, ಅರ್ಧ ಮಾಡಿ. ಇಂಜಿನ್ ಒಡಲೊಳಗೇ ಇದ್ದರೆ ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. ಆಳ ಅಂದರೆ ಒಡಲಿನ ಆಳ, ದೋಣಿ ನೀರಿನಲ್ಲಿ ಎಷ್ಟು ಮುಳುಗುತ್ತದೆ ಎಂಬ ಡ್ರಾಫ್ಟ್ ಅಲ್ಲ. 27 ಅಡಿ ಉದ್ದ, 9 ಅಡಿ ಅಗಲ, 5 ಅಡಿ ಆಳದ ದೋಣಿಗೆ ಹತ್ತಿರ ಹತ್ತಿರ 5.5 ನೆಟ್ ಟನ್ ಬರುತ್ತದೆ. ಪಾಸ್. 22 ಅಡಿಯ ದೋಣಿ ಮೂರರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಎರಡೂ ಪರೀಕ್ಷೆ ದಾಟಿದಿರಾ? ಹಾಗಾದರೆ ಎಲ್ಲಿಗೆ ಹೋಗುತ್ತೀರಿ ಅನ್ನುವುದೇ ಮುಖ್ಯ. ಊರ ಕೆರೆ, ಕೊಲ್ಲಿಯಲ್ಲಿ ಸುಮ್ನೆ ವಾರಾಂತ್ಯ ಸುತ್ತುವವರಿಗೆ ಡಾಕ್ಯುಮೆಂಟೇಶನ್ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಬಹಾಮಾಸ್, ಮೆಕ್ಸಿಕೋ ಕಡೆ ಹೋಗುವ ಆಸೆ ಇದ್ದರೆ ಮಾತು ಬೇರೆ. ದೋಣಿ ಯಾವ ದೇಶದ್ದು ಎಂಬುದಕ್ಕೆ ಪರದೇಶದ ಬಂದರಿನಲ್ಲಿ ಅದು ಗಟ್ಟಿ ಪುರಾವೆ. ಸಾಲ ಕೊಡುವ ಬ್ಯಾಂಕ್ ಅದನ್ನೇ ಕೇಳುವುದೂ ಉಂಟು. ಅಡಮಾನ ಫೆಡರಲ್ ದಾಖಲೆಯಲ್ಲಿ ನಮೂದಾದರೆ ಅವರ ಹಕ್ಕು ಗಟ್ಟಿ.

ತೆರಿಗೆ ತಪ್ಪುತ್ತದೆ ಅಂತ ಮಾತ್ರ ಡಾಕ್ಯುಮೆಂಟ್ ಮಾಡಿಸಬೇಡಿ. ಫ್ಲಾರಿಡಾದಲ್ಲಿ ಅಂಥ ದೋಣಿಗೆ ಟೈಟಲ್ ಬೇಡ, ಆದರೆ ರಿಜಿಸ್ಟ್ರೇಶನ್ ಮಾಡಿಸಿ ಸ್ಟಿಕ್ಕರ್ ಅಂಟಿಸಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿ (ರಾಜ್ಯದ ವಾಹನ ಇಲಾಖೆ) ನಂಬರ್ ಬೇಡ, ಆದರೆ ಕೌಂಟಿಯ (ಜಿಲ್ಲಾಡಳಿತದ) ಆಸ್ತಿ ತೆರಿಗೆ ಬಿಡುವುದಿಲ್ಲ.

ರಾಜ್ಯದ ದಾರಿ ಸಲೀಸು. ಮಾರಿದವರಿಂದ ಬಿಲ್ ಆಫ್ ಸೇಲ್ (ಮಾರಾಟ ಪತ್ರ) ಮತ್ತು ಸಹಿ ಮಾಡಿದ ಹಳೆಯ ಟೈಟಲ್ ತೆಗೆದುಕೊಳ್ಳಿ. ಟೈಟಲ್ ಕೊಡದ, ಬರೀ ರಿಜಿಸ್ಟ್ರೇಶನ್ ಮಾಡುವ ರಾಜ್ಯಗಳೂ ಇವೆ. ದುಡ್ಡು ಕೊಡುವ ಮೊದಲು ದೋಣಿಯ ಹಿಂಬದಿಗೆ ಹೋಗಿ, ಬಲಮೂಲೆಯಲ್ಲಿ ಮೇಲಂಚಿನ ಹತ್ತಿರ ಬೆರಳಾಡಿಸಿ. 12 ಅಕ್ಷರ, ಅಂಕಿಗಳ ಒಡಲ ನಂಬರ್ ಅಲ್ಲಿರುತ್ತದೆ, ಕೆಲವೊಮ್ಮೆ ಬಣ್ಣದ ಪದರದಡಿ. 1972ರ ನವೆಂಬರ್‌ಗೆ ಮೊದಲಿನ ದೋಣಿಗಳಲ್ಲಿ ಹುಡುಕಬೇಡಿ. ಕಾಗದದಲ್ಲಿರುವ ನಂಬರ್‌ಗೆ ಒಂದಕ್ಷರ ತಾಳೆಯಾಗದಿದ್ದರೂ ವ್ಯಾಪಾರ ನಿಲ್ಲಿಸಿ.

ಫೆಡರಲ್ ಅರ್ಜಿ ಹೋಗುವುದು ವೆಸ್ಟ್ ವರ್ಜಿನಿಯಾದ ನ್ಯಾಷನಲ್ ವೆಸಲ್ ಡಾಕ್ಯುಮೆಂಟೇಶನ್ ಸೆಂಟರ್‌ಗೆ. ಫಾರಂ ಸಿಜಿ-1258. ಮೊದಲ ಸಲಕ್ಕೆ 133 ಡಾಲರ್, ನವೀಕರಣಕ್ಕೆ ವರ್ಷಕ್ಕೆ 26. ಮೋಜಿನ ದೋಣಿಗೆ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಬಹುದು. ನಂಬರ್ ಬಂದ ಮೇಲೆ ಅದನ್ನು ದೋಣಿಯ ಹೊರಗಲ್ಲ, ಒಳಗಿನ ಗಟ್ಟಿ ಭಾಗದ ಮೇಲೆ 3 ಇಂಚು ಎತ್ತರಕ್ಕೆ, ಕಿತ್ತರೆ ಗುರುತು ಉಳಿಯುವಂತೆ ಹಾಕಬೇಕು. ಹೊರಗೆ ಬರುವುದು ಹೆಸರು ಮತ್ತು ಬಂದರಿನ ಊರು, 4 ಇಂಚಿನ ಅಕ್ಷರದಲ್ಲಿ. ಮೂಲ ಪ್ರಮಾಣಪತ್ರ ದೋಣಿಯಲ್ಲೇ ಇರಲಿ.

ನವೀಕರಣದ ಹೊತ್ತಿಗೆ ಸರ್ಕಾರಿ ಠಸ್ಸೆ ಇರುವಂತೆ ಕಾಣುವ ಕಾಗದಗಳು ಅಂಚೆಯಲ್ಲಿ ಬರಬಹುದು. ಮಧ್ಯವರ್ತಿ ಕಂಪನಿಗಳವು, ಜಾಸ್ತಿ ದುಡ್ಡು ಕೇಳುತ್ತವೆ. ಕೋಸ್ಟ್ ಗಾರ್ಡ್ ತಾಣದಲ್ಲೇ ನೇರ ಕಟ್ಟಿ. ಜೊತೆಗೆ ಪುಟ್ಟ ಡಿಂಗಿ (ದಡಕ್ಕೆ ಹೋಗಿಬರುವ ಸಣ್ಣ ದೋಣಿ) ಇದ್ದು ಅದಕ್ಕೆ ಮೋಟಾರ್ ಹಾಕಿದ್ದರೆ, ದೊಡ್ಡ ದೋಣಿಯ ಡಾಕ್ಯುಮೆಂಟ್ ಅದಕ್ಕೆ ನಡೆಯುವುದಿಲ್ಲ. ರಾಜ್ಯದಲ್ಲಿ ಬೇರೆಯೇ ನಂಬರ್ ಮಾಡಿಸಬೇಕು.