ಬಿ.ಎ. ದಾರಿಯಲ್ಲಿ ಇಂಜಿನಿಯರಿಂಗ್: ಬೀದರಿನಿಂದ ನನ್ನ ಅನುಭವ

“ಆರ್ಟ್ಸ್ ಓದ್ಸಲಾಕ ಅಮೇರಿಕಾಕ್ಕ ಕಳಸಬೇಕೇನ್ರಿ ಸರ?” ಭಾಲ್ಕಿ ಕಡೆಯ ರೈತರೊಬ್ಬರು ನನ್ನ ಟ್ಯೂಷನ್ ಕೋಣೆಯಲ್ಲಿ ಹೀಗೆ ಕೇಳಿದಾಗ ಉಳಿದ ಪಾಲಕರೆಲ್ಲ ನಕ್ಕಿದ್ದರು. ಅವರ ಮಗಳು ಮೂರು ವರ್ಷ ಅಮೇರಿಕಾದ ಒಂದು ಲಿಬರಲ್ ಆರ್ಟ್ಸ್ (ಕಲೆ, ವಿಜ್ಞಾನ ಎರಡನ್ನೂ ಕಲಿಸುವ) ಕಾಲೇಜಿನಲ್ಲಿ ಓದಿ, ಈಗ ಅಲ್ಲಿನ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಸಿವಿಲ್ ಇಂಜಿನಿಯರಿಂಗ್ ಮಾಡುತ್ತಿದ್ದಾಳೆ. ಮುಗಿದರೆ ಬಿ.ಎ. ಒಂದು, ಬಿ.ಎಸ್. ಒಂದು. ಮೂರು ವರ್ಷ ಒಂದು ಕಡೆ, ಎರಡು ವರ್ಷ ಇನ್ನೊಂದು ಕಡೆ ಓದುವ ಈ ದಾರಿಗೆ 3-2 ಎನ್ನುತ್ತಾರೆ. ನಕ್ಕವರಲ್ಲಿ ಇಬ್ಬರು ಈಗ ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೇ ಬರುತ್ತಾರೆ.

ಅದಕ್ಕೂ ಮೊದಲು ಎರಡು ಸಲ ಎಡವಿದ್ದೆ. 2018ರಲ್ಲಿ ನನಗೆ ಕೊಲಂಬಿಯಾ ಹೆಸರಿನ ಹುಚ್ಚು. ಇಂಥದ್ದೇ ದಾರಿಯಾದ ಅಲ್ಲಿನ ಕಂಬೈನ್ಡ್ ಪ್ಲಾನ್‌ಗೆ ಕನಿಷ್ಠ ಜಿಪಿಎ (ಅಂಕಗಳ ಸರಾಸರಿ) 3.3. ಅಷ್ಟಿದ್ದರೆ ಸೀಟು ಖಾತ್ರಿ ಎಂಬ ಹಳೆಯ ಮಾತನ್ನೇ ಹಿಡಿದುಕೊಂಡಿದ್ದೆ. ಈಗ ಅಲ್ಲಿ ಸ್ಪರ್ಧೆ. ಹೈದರಾಬಾದಿನ ಒಬ್ಬ ಸಲಹೆಗಾರನಿಗೆ ನಾನು ಆಗ ಕಳಿಸಹೊರಟಿದ್ದ ಹುಡುಗನ ಮನೆಯವರು 60 ಸಾವಿರ ಸುರಿದರು. ವೀಸಾ ಕಿಟಕಿಯಲ್ಲಿ ಹುಡುಗ “ಕೊಲಂಬಿಯಾಕ್ಕೆ ಹೋಗ್ತೀನಿ” ಎಂದ. ಕೈಯಲ್ಲಿದ್ದ ಐ-20 (ವೀಸಾಕ್ಕೆ ಕಾಲೇಜು ಕೊಡುವ ಪತ್ರ) ಮೊದಲು ಓದಬೇಕಿದ್ದ ಬೇರೆ ಕಾಲೇಜಿನದು! ಅಮೇರಿಕಾದ ವಲಸೆ ಕಾನೂನಿನ 214(ಬಿ) ಕಲಮಿನಡಿ ವೀಸಾ ತಿರಸ್ಕಾರ. 160 ಡಾಲರ್ ವೀಸಾ ಶುಲ್ಕ, ಅಂದಿನ ಲೆಕ್ಕದಲ್ಲಿ 11 ಸಾವಿರದಷ್ಟು, ಅಲ್ಲಿಗೇ ಹೋಯಿತು. ಅಂದಿನಿಂದ ಸಂದರ್ಶನದಲ್ಲಿ ಎರಡನೇ ಕಾಲೇಜಿನ ಹೆಸರು ತಾನಾಗಿ ಎತ್ತಬೇಡ, ಕೇಳಿದರೆ ಮಾತ್ರ ಹೇಳು ಅಂತ ಎಲ್ಲರಿಗೂ ಹೇಳಿಕೊಡುತ್ತೇನೆ.

ಎರಡನೆಯವನು ಹೋಗಿ ಸೇರಿದ. ಆದರೆ ಡಿಫರೆನ್ಷಿಯಲ್ ಈಕ್ವೇಶನ್ಸ್ ಕೋರ್ಸನ್ನು ಆಮೇಲೆ ನೋಡಿಕೊಂಡರಾಯಿತು ಅಂತ ಮುಂದೂಡುತ್ತ ಬಂದ, ಮೂರನೇ ವರ್ಷ ಅದು ಅವನ ವೇಳಾಪಟ್ಟಿಗೆ ಹೊಂದಲಿಲ್ಲ. ಅದಿಲ್ಲದೆ ವರ್ಗಾವಣೆಯೂ ಇಲ್ಲ. ನಾಲ್ಕನೇ ವರ್ಷ ಅಲ್ಲೇ ಉಳಿದು ಫಿಸಿಕ್ಸ್ ಪದವಿ ಪಡೆದು ಎಂ.ಎಸ್. ಸೇರಿದ. ನನಗೆ ಬೆಳಕು ಹೊತ್ತಿದ್ದು ಆಗಲೇ. ಎರಡನೇ ಕಾಲೇಜಿನ ಹೆಸರಿಗಿಂತ ಮೊದಲ ಕಾಲೇಜಿನ ಹಣದ ನೆರವನ್ನು ನೋಡಬೇಕು. ನಾಲ್ಕು ವರ್ಷಕ್ಕೇ ನಿಂತರೂ ನಷ್ಟವಾಗದ ಕಾಲೇಜನ್ನೇ ಆರಿಸಬೇಕು. ಮೊದಲ ಕಾಲೇಜು ಕೊಡುವ ನೆರವು ವಿದ್ಯಾರ್ಥಿಯ ಹಿಂದೆ ಎರಡನೆಯದಕ್ಕೆ ಬರುವುದಿಲ್ಲ, ವಿದೇಶಿಯರಿಗೆ ಅಲ್ಲಿ ಹೊಸದಾಗಿ ಸಿಗುವುದೂ ಕಷ್ಟ.

ಭಾಲ್ಕಿಯ ಆ ಹುಡುಗಿಯ ಸಿಎಸ್‌ಎಸ್ ಪ್ರೊಫೈಲ್ (ಹಣದ ನೆರವಿಗೆ ಮನೆಯ ಆದಾಯ-ಆಸ್ತಿ ತೋರಿಸುವ ಅರ್ಜಿ) ತುಂಬುವಾಗ ನಾಲ್ಕು ಎಕರೆ ಸೋಯಾ-ತೊಗರಿ ಹೊಲ ಅಡ್ಡ ಬಂತು. ಕಾಲೇಜಿನವರ ಕಣ್ಣಿಗೆ ಅದು ಆಸ್ತಿ, ನಮಗೆ ಸೊಸೈಟಿ ಸಾಲದ ಹೊಲ. ಪಹಣಿ ಅನುವಾದದ ಜೊತೆ ಒಂದು ಪತ್ರ ಹಚ್ಚಿದೆ. ಅದರಲ್ಲಿ ಏನು ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ. ನೆರವು ಹೆಚ್ಚಾಗಿ ಬಂತು.

ಡ್ಯುಯೊಲಿಂಗೊ ಎಂಬ ಇಂಗ್ಲಿಷ್ ಪರೀಕ್ಷೆ ಮನೆಯಲ್ಲೇ ಬರೆಯಬಹುದು, ಆದರೆ ಕೋಣೆಯಲ್ಲಿ ಇನ್ನೊಬ್ಬರು ಇರಬಾರದು. ಮೊದಲ ಸಲ ಅವ್ವ ಚಹಾ ತಂದಳು, ಫಲಿತಾಂಶ ಬರಲಿಲ್ಲ. ಎರಡನೇ ಸಲ ಅವ್ವನನ್ನು ಅಕ್ಕನ ಮನೆಗೆ ಕಳಿಸಿ, ಇನ್ವರ್ಟರ್ ಬಾಡಿಗೆಗೆ ತಂದೆವು.

ಪ್ರವೇಶ ಅರ್ಜಿಯ ಪ್ರಬಂಧಕ್ಕೆ ನಾನೇ ಹುಚ್ಚು ಪ್ರಯೋಗ ಮಾಡಿದೆ. ನೌಬಾದಿನ ಬಹಮನಿ ಕಾಲದ ಕರೇಜಿನ (ನೆಲದಡಿಯ ನೀರಿನ ಸುರಂಗದ) ಬಾವಿಗಳ ಆಳವನ್ನು ಮಕ್ಕಳ ಕೈಯಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಅಳೆಯಿಸಿದೆ. ಸುರಂಗದ ಇಳಿಜಾರು ಲೆಕ್ಕ ಹಾಕಿದರೆ ನೀರು ಹಿಂದಕ್ಕೆ ಹರಿಯಬೇಕಿತ್ತು! ಬಾವಿ ಬಾಯಿಗಳೆಲ್ಲ ಒಂದೇ ಮಟ್ಟದಲ್ಲಿವೆ ಅಂದುಕೊಂಡದ್ದೇ ತಪ್ಪು, ನೆಲವೇ ಇಳಿಜಾರು. ಹುಡುಗಿ ಬರೆದದ್ದು ಈ ತಪ್ಪಿನ ಬಗ್ಗೆಯೇ. ಇತಿಹಾಸವೂ ಬಂತು, ಸಿವಿಲ್ಲೂ ಬಂತು. ಬಾವಿಯ ಬಾಯಿ ಹತ್ತಿರ ಮಕ್ಕಳನ್ನು ಬಿಟ್ಟಿದ್ದಕ್ಕೆ ಅವಳ ಮಾವನಿಂದ ಬೈಸಿಕೊಂಡೆ, ಅದು ಬೇರೆ ಮಾತು.

2022ರಲ್ಲಿ ಹೋದಳು. ಮೊದಲ ಸೆಮಿಸ್ಟರಿಗೇ ಕ್ಯಾಲ್ಕುಲಸ್ ಮತ್ತು ಫಿಸಿಕ್ಸ್, ಎರಡನೇ ವರ್ಷಕ್ಕೇ ಡಿಫರೆನ್ಷಿಯಲ್ ಈಕ್ವೇಶನ್ಸ್ ಮುಗಿಸು ಅಂತ ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಕಾಡಿದೆ. ಎರಡನೇ ಕಾಲೇಜು ಅರ್ಧಕ್ಕಿಂತ ಹೆಚ್ಚು ಶುಲ್ಕ ಬಿಟ್ಟಿತು. ಉಳಿದದ್ದಕ್ಕೆ ಬ್ಯಾಂಕ್ ಸಾಲ 30 ಲಕ್ಷದ ಆಸುಪಾಸು. ಹೊಲ ಅಡವಿಟ್ಟದ್ದು ನನಗೂ ನಿದ್ದೆ ಕೆಡಿಸಿತ್ತು. ಓದು ಮುಗಿದ ಮೇಲೆ ಒಪಿಟಿ, ಅಂದರೆ ಅಲ್ಲೇ ಕೆಲಸ ಮಾಡುವ ಅನುಮತಿ, ಒಂದು ವರ್ಷ, ಸ್ಟೆಮ್ (ವಿಜ್ಞಾನ, ಇಂಜಿನಿಯರಿಂಗ್, ಗಣಿತದಂಥ) ಪದವಿಗೆ ಇನ್ನೂ 24 ತಿಂಗಳು. ಸಾಲದ ಲೆಕ್ಕವನ್ನು ಅದರ ಮೇಲೆಯೇ ಹಾಕಿದ್ದೇವೆ.

ಈಗ ಔರಾದದ ಹುಡುಗನ ಕಡತ ಮೇಜಿನ ಮೇಲಿದೆ. ಅವನಿಗೆ ಇತಿಹಾಸ ಬೇಡವಂತೆ, ಕೆಮಿಸ್ಟ್ರಿಯೂ ಬೇಡವಂತೆ.